ತಡವಾಗಿ ಓದಿದ ಮಕ್ಕಳ ಪುಸ್ತಕಗಳು

ಮಕ್ಕಳ ಪುಸ್ತಕಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಮ್ಮ ಬಾಲ್ಯದಿಂದಲೇ ಶುರು ಮಾಡುತ್ತಾರೆ. ಬೇಸಿಗೆ ರಜೆ, ಅಜ್ಜನ ಮನೆಯ ಅಟ್ಟ, ಅಟ್ಟದಲ್ಲಿ ಹುರಿ ಬಿಗಿದು ಇಟ್ಟ ಚಂದಮಾಮದ ಕಂತೆ, ಓದುತ್ತ ಓದುತ್ತ ಊಟ ಮರೆತ ಮಧ್ಯಾಹ್ನಗಳು. ನನಗೆ ಅಂಥ ಅಟ್ಟ ಇರಲಿಲ್ಲ. ಚನ್ನಗಿರಿ ಸೀಮೆಯ ಹಳ್ಳಿಯೊಂದರಲ್ಲಿ ಎರಡಂಕಣದ ಮನೆ ನಮ್ಮದು. ಅಲ್ಲಿ ಅಕ್ಷರ ಅಂತ ಇದ್ದದ್ದು ಗೋಡೆಯ ಕ್ಯಾಲೆಂಡರು, ಒಂದು ಪಂಚಾಂಗ, ರೇಷನ್ ಕಾರ್ಡು, ಸೊಸೈಟಿ ಸಾಲದ ಪಾಸ್‌ಬುಕ್ಕು. ಶಾಲೆಯ ಪುಸ್ತಕಗಳು ಜೂನಿನಲ್ಲಿ ಬಂದು, ಪರೀಕ್ಷೆ ಮುಗಿದ ಮರುವಾರವೇ ಕೆಳಗಿನ ತರಗತಿಯ ಹುಡುಗಿಗೆ ಅರ್ಧ ಬೆಲೆಗೆ ಹೋಗುತ್ತಿದ್ದವು. ಮಕ್ಕಳಿಗಾಗಿಯೇ ಬರೆದ ಪುಸ್ತಕವೊಂದನ್ನು ನಾನು ಮೊದಲ ಸಲ ಓದಿದ್ದು ಪಿಯುಸಿ ಮುಗಿಸಿ ಡಿ.ಎಡ್ ಸೇರಿದ ಮೇಲೆ, ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು.

ಹಾಗೆ ತಡವಾಗಿ ಓದಿದ್ದರಿಂದ ಒಂದು ಅನುಕೂಲವೂ ಆಯಿತು. ಚಿಕ್ಕಂದಿನಲ್ಲಿ ಓದಿದ ಪುಸ್ತಕವನ್ನು ಯಾರೂ ನಿಷ್ಪಕ್ಷಪಾತವಾಗಿ ತೂಗಲಾರರು. ಆ ಮಧ್ಯಾಹ್ನ, ಆ ಅಜ್ಜ, ಆ ಹಲಸಿನ ಹಣ್ಣಿನ ವಾಸನೆ ಎಲ್ಲ ಅದರ ಹಾಳೆಗೆ ಅಂಟಿಕೊಂಡಿರುತ್ತವೆ. ನನ್ನ ಓದಿಗೆ ಇವು ಯಾವುವೂ ಇರಲಿಲ್ಲ. ಕತೆ ಹಿಡಿಸಿದರೆ ಹಿಡಿಸಿತು, ಇಲ್ಲವಾದರೆ ಇಲ್ಲ. ಮಗುವೂ ಹೀಗೇ ಓದುತ್ತದೆ ಅಂತ ನನ್ನ ಅಂದಾಜು. ‘ಇದು ಪಂಜೆಯವರದು’ ಅಂತ ಅದು ಎದ್ದು ನಿಂತು ಕೈ ಮುಗಿಯುವುದಿಲ್ಲ.

2000ದ ದಶಕದ ನಡುಭಾಗದ ಆ ವರ್ಷಗಳಲ್ಲಿ ನಮ್ಮಂಥ ಮನೆಯ ಹೆಣ್ಣುಮಕ್ಕಳಿಗೆ ಸರ್ಕಾರಿ ನೌಕರಿಯ ಹತ್ತಿರದ ದಾರಿ ಡಿ.ಎಡ್. ಕೋರ್ಸಿನ ಹೆಸರು ಬದಲಾಗಿದ್ದರೂ ಊರಿನವರೆಲ್ಲ ಇನ್ನೂ ಟಿಸಿಎಚ್ ಅಂತಲೇ ಅನ್ನುತ್ತಿದ್ದರು. ರೂಸೋ, ಫ್ರೋಬೆಲ್, ಮಾಂಟೆಸೊರಿ, ಗಾಂಧೀಜಿಯ ನಯೀ ತಾಲೀಮ್: ಮಗುವಿನ ಬಗ್ಗೆ ಯಾರು ಏನು ಹೇಳಿದರು ಅನ್ನುವುದು ನಮಗೆ ಬಾಯಿಪಾಠ. ಮಗು ಏನನ್ನು ಓದುತ್ತದೆ ಅನ್ನುವ ಪ್ರಶ್ನೆ ಮಾತ್ರ ಯಾವ ಪತ್ರಿಕೆಯಲ್ಲೂ ಬರುತ್ತಿರಲಿಲ್ಲ. ‘ಮಕ್ಕಳ ಸಾಹಿತ್ಯ – ಟಿಪ್ಪಣಿ ಬರೆಯಿರಿ’ ಅಂತ ಬಂದರೆ ಪಂಜೆ ಮಂಗೇಶರಾಯರು, ಹೊಯಿಸಳ, ರಾಜರತ್ನಂ, ದಿನಕರ ದೇಸಾಯಿ ಅಂತ ಹೆಸರುಗಳನ್ನು ಸಾಲಾಗಿ ನಿಲ್ಲಿಸಿದರೆ ಅಂಕ ಬೀಳುತ್ತಿತ್ತು. ಕನ್ನಡ ಬೋಧನಾ ವಿಧಾನದ ಉಪನ್ಯಾಸಕಿಗೆ ಒಂದು ದಿನ ಇದು ಸಾಕಾಗಿ ಹೋಯಿತು. “ಹೆಸರು ಬರೆದದ್ದು ಸಾಕು, ಇವರಲ್ಲಿ ಒಬ್ಬರನ್ನಾದರೂ ಓದಿಕೊಂಡು ಬನ್ನಿ” ಅಂತ ಅಸೈನ್‌ಮೆಂಟ್ ಕೊಟ್ಟರು.

ಹಾಗಾಗಿ ನಾವೊಂದಿಷ್ಟು ಜನ ಜಿಲ್ಲಾ ಕೇಂದ್ರ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋದೆವು. ತರಬೇತಿಯವರಿಗೆ ಸಮವಸ್ತ್ರದ ಸೀರೆ ಕಡ್ಡಾಯ. ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯರ ದಂಡು ಮೊಣಕಾಲೆತ್ತರದ ಕುರ್ಚಿಗಳಲ್ಲಿ ಮುದುರಿ ಕೂತದ್ದನ್ನು ಕಂಡು ಕೌಂಟರಿನಲ್ಲಿದ್ದವರು, “ಎಷ್ಟು ವಯಸ್ಸಿನ ಮಕ್ಕಳಿಗೆ ಬೇಕಮ್ಮಾ?” ಅಂದರು. “ನಮಗೇ ಸಾರ್” ಅಂದಳು ನನ್ನ ಗೆಳತಿ. ಅವರು ನಗಲಿಲ್ಲ. ಒಳಗೆ ಹೋಗಿ ಧೂಳು ಕೊಡವಿದ ಒಂದು ತೋಳು ಪುಸ್ತಕ ತಂದು ಮೇಜಿನ ಮೇಲೆ ಹಾಕಿದರು.

ಅದರಲ್ಲಿ ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ’ ಇತ್ತು. ಒಂದು ಪ್ರಶ್ನೆಯ ಬಾಲಕ್ಕೆ ಇನ್ನೊಂದು ಪ್ರಶ್ನೆ ಗಂಟು ಹಾಕಿಕೊಂಡು ಹೋಗುವ ಪುಟ್ಟ ಕತೆ. ಪಂಜೆಯವರು ಮೇಷ್ಟರಾಗಿದ್ದವರು, ಶಾಲಾ ಇನ್‌ಸ್ಪೆಕ್ಟರಾಗಿದ್ದವರು, 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದವರು. ಶಾಲೆ ತಪಾಸಣೆಗೆ ಹೋಗುತ್ತಿದ್ದ ಅಂಥ ಮನುಷ್ಯ ಬರೆದ ಕತೆಯಲ್ಲಿ ಒಂದು ಚೂರು ಉಪದೇಶವಿಲ್ಲ. ಸಿಗಡಿ ಯಾಕೋ ಒಣಗಲಿಲ್ಲ, ಅಷ್ಟೇ. ನಾನು ಅದನ್ನು ಓದಿ, ಮುಗಿಯಿತಲ್ಲ ಅಂತ ಹಾಳೆ ಮಗುಚಿ ನೋಡಿದೆ. ಹತ್ತೊಂಬತ್ತರ ವಯಸ್ಸಿನ ತನಕ ಪಠ್ಯಪುಸ್ತಕದಲ್ಲೇ ಕನ್ನಡ ಓದಿದವಳಿಗೆ, ಕತೆಯ ಕೆಳಗೆ ‘ಅಭ್ಯಾಸ’ ಅಂತ ಇಲ್ಲದೇ ಇರುವುದೇ ಆಶ್ಚರ್ಯ.

ಆಮೇಲೆ ಸಿಕ್ಕಿದ್ದನ್ನೆಲ್ಲ ಹಾಸ್ಟೆಲಿಗೆ ಹೊತ್ತೆವು. ಡಾಕ್ಟರಾಗಿದ್ದ ಅನುಪಮಾ ನಿರಂಜನ ಬರೆದ ‘ದಿನಕ್ಕೊಂದು ಕಥೆ’ 12 ಸಂಪುಟ. ಊಟವಾದ ಮೇಲೆ ಆ ದಿನದ ಕತೆಯನ್ನು ಸರದಿಯಲ್ಲಿ ಒಬ್ಬೊಬ್ಬರು ಗಟ್ಟಿಯಾಗಿ ಓದಬೇಕು ಅಂತ ನಿಯಮ ಮಾಡಿಕೊಂಡೆವು. ಪಾಠ ಮಾಡುವ ದನಿಯಲ್ಲಿ ಓದಿದವರಿಗೆ ದಿಂಬಿನೇಟು. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ನಮ್ಮ ಕೋಣೆಯನ್ನು ಎರಡು ಪಕ್ಷ ಮಾಡಿತು. ಅದು ಲೂಯಿ ಕ್ಯಾರಲ್ಲನ ಆಲಿಸ್ ಕನ್ನಡಕ್ಕೆ ಬಂದ ರೂಪ ಅಂತ ನಮಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಆಲಿಸ್ ಯಾರೆಂದು ಗೊತ್ತಿರಲಿಲ್ಲ. “ಇದರಲ್ಲಿ ತಲೆಯೂ ಇಲ್ಲ, ಬಾಲವೂ ಇಲ್ಲ” ಅಂತ ಅರ್ಧ ಜನ. ಇನ್ನರ್ಧ ಜನ ನಕ್ಕು ನಕ್ಕು ವಾರ್ಡನ್ ಬಂದು ದೀಪ ಆರಿಸುವ ತನಕ. ನಾನು ಮೊದಲ ಪಕ್ಷ. ಇವತ್ತಿಗೂ ಅಸಂಬದ್ಧದ ರುಚಿ ನನಗೆ ಅಷ್ಟಾಗಿ ಹತ್ತಿಲ್ಲ. ಅದು ಎಂಟು ವರ್ಷದೊಳಗೆ ಹತ್ತದಿದ್ದರೆ ಮತ್ತೆ ಹತ್ತುವುದಿಲ್ಲವೋ ಏನೋ.

ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ-ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು ಬೀರುವಿನಲ್ಲಿ ಮಾರುಗಟ್ಟಲೆ ಇದ್ದವು. ಒಟ್ಟು 510 ಪುಸ್ತಕಗಳ ಮಾಲೆ ಅದು. ಅಂಗೈಯಗಲದ, ಕಡಿಮೆ ಬೆಲೆಯ ಆ ಪುಸ್ತಕಗಳು ಬೇರಾವ ಪುಸ್ತಕವೂ ಹೋಗದ ಹಳ್ಳಿಗಳಿಗೆ ಹೋಗಿವೆ. ಅದು ಸಣ್ಣ ಕೆಲಸವಲ್ಲ. ಆದರೆ ಒಂದರ ಹಿಂದೆ ಒಂದು ಓದುತ್ತ ಹೋದಂತೆ ಮಹಾಪುರುಷರ ಬಾಲ್ಯಗಳೆಲ್ಲ ಒಂದರೊಳಗೊಂದು ಕಲಸಿಹೋಗತೊಡಗಿದವು. ಎಲ್ಲರೂ ಹುಟ್ಟಾ ಧೈರ್ಯವಂತರು, ಎಲ್ಲರೂ ಸತ್ಯಸಂಧರು. “ಇವರಲ್ಲಿ ಒಬ್ಬರೂ ಹೋಂವರ್ಕ್ ಮರೆತವರಿಲ್ಲವೇನೇ?” ಅಂದಳು ಗೆಳತಿ. ಗಾಂಧೀಜಿ ತಮ್ಮ ಆತ್ಮಕತೆಯಲ್ಲಿ ಎಷ್ಟು ಧಾರಾಳವಾಗಿ ಹೇಳಿಕೊಂಡಿದ್ದಾರೆ: ಕತ್ತಲೆಗೆ, ದೆವ್ವಕ್ಕೆ, ಹಾವಿಗೆ ಹೆದರುತ್ತಿದ್ದದ್ದು, ಅಣ್ಣನ ಕಡಗದಿಂದ ಚಿನ್ನದ ಚೂರು ಕದ್ದದ್ದು. ದೀಪವಿಲ್ಲದೆ ಮಲಗಲಾರದ ಆ ಹುಡುಗ ಮಕ್ಕಳಿಗೆ ಬೇಗ ಹತ್ತಿರವಾಗುತ್ತಾನೆ. ಮುಂದೆ ಬೊಳುವಾರು ಮಹಮದ್ ಕುಂಞಿ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ ಬರೆದಾಗ, ಅದಕ್ಕೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಾಗ, ಪಾಪು ಬಾಪು ಆಗಲು ಸಮಯ ಹಿಡಿಯಿತು ಅಂತ ಶೀರ್ಷಿಕೆಯಲ್ಲೇ ಒಪ್ಪಿಕೊಂಡರಲ್ಲ ಅಂತ ಖುಷಿಪಟ್ಟೆ.

ತರಬೇತಿಯವರು ಓದಲೇಬೇಕು ಅಂತ ಎಲ್ಲರೂ ಹೇಳುವ ಪುಸ್ತಕ ‘ತೊತ್ತೋ-ಚಾನ್’. ನ್ಯಾಷನಲ್ ಬುಕ್ ಟ್ರಸ್ಟಿಗಾಗಿ ವಿ. ಗಾಯತ್ರಿ ಅದನ್ನು ಕನ್ನಡಕ್ಕೆ ತಂದಿದ್ದಾರೆ. ಜಪಾನಿನ ತೆತ್ಸುಕೊ ಕುರೊಯಾನಗಿ ತಾನು ಓದಿದ ತೊಮೊಎ ಶಾಲೆಯ ಬಗ್ಗೆ ಬರೆದದ್ದು. ಹಳೇ ರೈಲು ಬೋಗಿಗಳೇ ತರಗತಿ. ಹೊಸದಾಗಿ ಸೇರಲು ಬಂದ ಹುಡುಗಿ ಮಾತಾಡಿದ್ದನ್ನೆಲ್ಲ ಮುಖ್ಯೋಪಾಧ್ಯಾಯ ಕೊಬಾಯಾಶಿ ನಾಲ್ಕು ತಾಸು ಆಕಳಿಸದೆ ಕೇಳುತ್ತಾರೆ. ಊಟದ ಡಬ್ಬಿಯಲ್ಲಿ ಸಮುದ್ರದ್ದೊಂದಿಷ್ಟು, ಬೆಟ್ಟದ್ದೊಂದಿಷ್ಟು ಇರಬೇಕು ಅಂತ ನಿಯಮ. 1945ರ ಬಾಂಬು ದಾಳಿಯಲ್ಲಿ ಶಾಲೆ ಸುಟ್ಟು ಹೋಗುತ್ತದೆ. ನಾವೆಲ್ಲ ಅತ್ತೆವು. ಅತ್ತು, ಕಣ್ಣೊರೆಸಿಕೊಂಡು, ಮರುದಿನದ ಪಾಠಯೋಜನೆಗೆ ಗೆರೆ ಹಾಕಲು ಕೂತೆವು. ಈ ಪುಸ್ತಕದ ಮೇಲೆ ನನಗಿರುವ ತಕರಾರು ಇದೇ: ಓದಿದ ಮೇಷ್ಟ್ರಿಗೆ ತಾನೂ ಕೊಬಾಯಾಶಿಯೇ ಅನ್ನಿಸಿ ಮನಸ್ಸು ಹಗುರಾಗಿಬಿಡುತ್ತದೆ. ಐವತ್ತು ಮಕ್ಕಳ ಶಾಲೆ ನಡೆಸುವವರಿಗೆ ಒಂದು ಮಗುವಿನ ಮಾತು ಕೇಳಲು ನಾಲ್ಕು ತಾಸು ಸಿಗಬಹುದು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಐವತ್ತು ಮಕ್ಕಳಿದ್ದರೆ ತಲೆಗೆ ಒಂದು ನಿಮಿಷವೂ ಇಲ್ಲ.

ಅದಕ್ಕಿಂತ ನನಗೆ ಉಪಯೋಗಕ್ಕೆ ಬಂದವರು ಗಿಜುಭಾಯಿ ಬಧೇಕಾ. ವಕೀಲಿ ಬಿಟ್ಟು ಭಾವನಗರದಲ್ಲಿ ಮಕ್ಕಳ ಶಾಲೆಗೆ ಬಂದು ಕೂತ ಈ ಗುಜರಾತಿ ಮನುಷ್ಯ 1930ರ ದಶಕದ ಆರಂಭದಲ್ಲಿ ‘ದಿವಾಸ್ವಪ್ನ’ ಬರೆದರು. ನಾಲ್ಕನೇ ತರಗತಿಯನ್ನು ಒಂದು ವರ್ಷ ತನಗೆ ಬಿಟ್ಟುಕೊಡಿ ಅಂತ ಅಧಿಕಾರಿಯನ್ನು ಕೇಳಿಕೊಳ್ಳುವ ಕಾಲ್ಪನಿಕ ಮೇಷ್ಟ್ರ ಕತೆ ಅದು. ಆತ ಶಾಂತಿಯ ಆಟ ಆಡಿಸುತ್ತೇನೆ ಅಂತ ಭಾರಿ ತಯಾರಿ ಮಾಡಿಕೊಂಡು ಹೋಗುತ್ತಾನೆ. ಮೊದಲ ದಿನವೇ ಮಕ್ಕಳು ಆ ಶಾಂತಿಯನ್ನು ಚಿಂದಿ ಮಾಡಿ ಹಾಕುತ್ತಾರೆ. ಮರುದಿನ ಆತ ಕತೆ ಹೇಳಲು ಶುರು ಮಾಡುತ್ತಾನೆ, ತರಗತಿ ಕೈಗೆ ಬರುತ್ತದೆ. ಮೇಷ್ಟ್ರ ತಯಾರಿ ಮೊದಲ ದಿನವೇ ನೆಲಕಚ್ಚುವ ಶಿಕ್ಷಣದ ಪುಸ್ತಕವನ್ನು ನಾನು ಅದಕ್ಕೆ ಮುಂಚೆ ಓದಿರಲಿಲ್ಲ. ನಮ್ಮ ತರಬೇತಿಯ ಪುಸ್ತಕಗಳಲ್ಲಿ ಮಕ್ಕಳು ಯಾವಾಗಲೂ ‘ನಿರೀಕ್ಷಿತ ಉತ್ತರ’ವನ್ನೇ ಕೊಡುತ್ತಿದ್ದರು.

ಈ ನಿರೀಕ್ಷಿತ ಉತ್ತರದ ಬಗ್ಗೆ ಸ್ವಲ್ಪ ಹೇಳಬೇಕು. ಅಭ್ಯಾಸ ಪಾಠಕ್ಕೆ ಹೋಗುವ ಮುಂಚೆ ನಾವು ಪಾಠಯೋಜನೆ ಬರೆದು ಸಹಿ ಹಾಕಿಸಿಕೊಳ್ಳಬೇಕು. ಉದ್ದನೆಯ ಪುಸ್ತಕ, ಸ್ಕೇಲಿನಲ್ಲಿ ಎಳೆದ ಕಾಲಂಗಳು. ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕಲಿಕೋಪಕರಣ, ಮೌಲ್ಯಮಾಪನ. ಪದ್ಯ ಅಥವಾ ಕತೆಯಾದರೆ ಕಡೆಗೊಂದು ಕಾಲಂ, ‘ಮೌಲ್ಯ’. ಅದನ್ನು ಖಾಲಿ ಬಿಟ್ಟರೆ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು.

ಹೊನ್ನಾಳಿ ಕಡೆಯ ಹೊಳೆದಂಡೆಯ ಊರೊಂದರಲ್ಲಿ ಆರನೇ ತರಗತಿಗೆ ನಾನು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆರಿಸಿಕೊಂಡೆ. ಬ್ರೌನಿಂಗ್‌ನ ಜರ್ಮನ್ ಪಟ್ಟಣವನ್ನು ಕುವೆಂಪು ತುಂಗೆಯ ದಡಕ್ಕೆ ತಂದು ಕೂರಿಸಿದ ಪದ್ಯ. ‘ಮೌಲ್ಯ’ದ ಕಾಲಂನಲ್ಲಿ ‘ಕೊಟ್ಟ ಮಾತಿಗೆ ತಪ್ಪಬಾರದು’ ಅಂತ ಬರೆದು ಸಹಿ ಹಾಕಿಸಿಕೊಂಡಿದ್ದೆ. ಬಿಸಿಯೂಟದ ನಂತರದ ಪೀರಿಯಡ್ಡು. ಮಕ್ಕಳು ಅನ್ನ-ಸಾರಿನ ನಿದ್ದೆಯಲ್ಲಿದ್ದರು. ಇಲಿಗಳ ದಂಡು ಬರುವ ಹೊತ್ತಿಗೆ ಎಲ್ಲರೂ ಎಚ್ಚರ. ಇಲಿಗಳು ತುಂಗೆಗೆ ಬಿದ್ದು ಮುಳುಗಿದವು ಅಂದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

“ಟೀಚರ್, ತುಂಗಾ ಹೊಳೆ ಕೂಡ್ಲಿ ಹತ್ರ ಭದ್ರಾಕ್ಕೆ ಸೇರ್ಕಂಡು ನಮ್ಮೂರಿಗೇ ಬರೋದು. ಹಂಗಾರೆ ಸತ್ತ ಇಲಿ ಎಲ್ಲ ನಮ್ಮ ಕಡೀಗೇ ತೇಲಿ ಬಂದಿರ್ತಾವೆ.”

ತರಗತಿ ಮೂಗು ಮುಚ್ಚಿಕೊಂಡಿತು. ಸಮಾಜ ವಿಜ್ಞಾನದ ಪಾಠದಲ್ಲಿ ನದಿಗಳ ಸಂಗಮವನ್ನು ಆ ಹುಡುಗ ಇಷ್ಟು ಸ್ಪಷ್ಟವಾಗಿ ಹೇಳಿದ್ದನೋ ಇಲ್ಲವೋ ಗೊತ್ತಿಲ್ಲ. ಪದ್ಯ ಮುಂದುವರಿಯಿತು. ಗೌಡ ಒಪ್ಪಿದ್ದ ಹಣ ಕೊಡಲಿಲ್ಲ, ಜೋಗಿ ಮತ್ತೆ ಕಿಂದರಿ ಬಾರಿಸಿದ, ಊರ ಮಕ್ಕಳೆಲ್ಲ ಅವನ ಹಿಂದೆ ಬೆಟ್ಟದೊಳಗೆ ಹೋದರು. ನಾನು ಯೋಜನೆಯಂತೆ, “ಇದರಿಂದ ನಮಗೇನು ತಿಳೀತು?” ಅಂದೆ. ಒಕ್ಕೊರಲಿನ ಉತ್ತರ ತಯಾರಾಗಿಯೇ ಇತ್ತು: “ಕೊಟ್ಟ ಮಾತಿಗೆ ತಪ್ಪಬಾರದು ಟೀಚರ್.” ಆಗ ಕಿಟಕಿಯ ಪಕ್ಕ ಕೂತಿದ್ದ ಸಣಕಲು ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು: “ಮಾತು ತಪ್ಪಿದ್ದು ಗೌಡ ಅಲ್ವಾ? ಮಕ್ಕಳು ಯಾಕೆ ಹೋಗ್ಬೇಕು?”

ನನ್ನ ಯೋಜನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಇನ್ನೊಬ್ಬ ಹುಡುಗ, ಬಹಳ ಲೋಕಾನುಭವದ ದನಿಯಲ್ಲಿ, “ದೊಡ್ಡೋರು ಸಾಲ ಮಾಡಿದ್ರೆ ತೀರ್ಸೋದು ಮಕ್ಕಳೇ ಅಲ್ವೇನೇ?” ಅಂದ. ಆ ಸೀಮೆಯಲ್ಲಿ ಭತ್ತದ ಗದ್ದೆಗೆ, ಬೋರ್‌ವೆಲ್ಲಿಗೆ ಸಾಲ ಮಾಡದ ಮನೆ ಯಾವುದಿತ್ತು? ಗದ್ದಲ ಎದ್ದಿತು. ಜೋಗಿ ಕೆಟ್ಟವನು ಅಂತ ಕೆಲವರು, ಗೌಡನ ಮಗನನ್ನು ಮಾತ್ರ ಕರಕೊಂಡು ಹೋಗಬಹುದಿತ್ತು ಅಂತ ಕೆಲವರು, ಬೆಟ್ಟದೊಳಗೆ ಮಕ್ಕಳು ಆರಾಮಾಗಿದ್ದಾರೆ, ಶಾಲೆ ಇಲ್ಲ ಅಂತ ಕೆಲವರು. ಬೆಲ್ಲು ಹೊಡೆಯಿತು. ಹಿಂದೆ ಕೂತು ವೀಕ್ಷಿಸುತ್ತಿದ್ದವರು ಪುಸ್ತಕದಲ್ಲಿ ಒಂದು ಸಾಲು ಬರೆದು ಕೊಟ್ಟರು: ಚರ್ಚೆ ಪಾಠದ ಉದ್ದೇಶದಿಂದ ಹೊರಗೆ ಹೋಯಿತು.

ಹೌದು, ಹೋಗಿತ್ತು. ಪದ್ಯವೇ ಹೊರಗೆ ಹೋಗುತ್ತದೆ; ಹೋಗುವುದರಿಂದಲೇ ಅದು ಇಷ್ಟು ಕಾಲ ಉಳಿದಿದೆ. ಮಾತು ತಪ್ಪಿದವನಿಗೇ ಶಿಕ್ಷೆಯಾಗಿದ್ದರೆ ಅದು ಲೆಕ್ಕ ತಾಳೆಯಾದ ನೀತಿಕತೆ, ಆ ಹುಡುಗಿ ಕೇಳಲು ಏನೂ ಉಳಿಯುತ್ತಿರಲಿಲ್ಲ.

ಅವತ್ತಿನಿಂದ ನಾನು ಮಕ್ಕಳ ಈ ಒಕ್ಕೊರಲನ್ನು ಗಮನಿಸತೊಡಗಿದೆ. ಪರೀಕ್ಷೆ ಮಾಡಲೆಂದೇ ಒಮ್ಮೆ ಕಾಗಕ್ಕ ಗುಬ್ಬಕ್ಕನ ಕತೆ ಹೇಳಿದೆ. ಕಾಗಕ್ಕನ ಸಗಣಿ ಮನೆ ಮಳೆಗೆ ಕೊಚ್ಚಿಹೋಗಿ, ಅವಳು ಗುಬ್ಬಕ್ಕನ ಕಲ್ಲು ಮನೆಯ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಂದಲ್ಲ ಒಂದು ನೆಪ ಹೇಳಿ ಅವಳನ್ನು ಮಳೆಯಲ್ಲೇ ನಿಲ್ಲಿಸುತ್ತಾಳೆ. ಇಬ್ಬರಲ್ಲಿ ಯಾರೂ ಒಳ್ಳೆಯವರಲ್ಲ. ಮುಗಿಸಿ, “ಏನು ತಿಳೀತು?” ಅಂದೆ. ಒಂದು ಕ್ಷಣವೂ ತಡೆಯದೆ, “ಒಗ್ಗಟ್ಟಿನಲ್ಲಿ ಬಲವಿದೆ ಟೀಚರ್” ಅಂತ ಬಂತು. ಹಿಂದಿನಿಂದ ಒಬ್ಬ, ಇರಲಿ ಅಂತ, “ಸುಳ್ಳು ಹೇಳಬಾರದು” ಅನ್ನುವುದನ್ನೂ ಸೇರಿಸಿದ. ಕತೆಗೂ ಆ ಉತ್ತರಕ್ಕೂ ಏನೇನೂ ಸಂಬಂಧವಿಲ್ಲ. ನೀತಿ ಅನ್ನುವುದು ಮಕ್ಕಳ ಪಾಲಿಗೆ ಗೇಟಿನಲ್ಲಿ ಕಟ್ಟುವ ಸುಂಕ. ಕಟ್ಟಿದರೆ ಮೇಷ್ಟ್ರು ದಾರಿ ಬಿಡುತ್ತಾರೆ, ಕತೆ ಅವರದಾಗುತ್ತದೆ. ಎಷ್ಟು ಕಟ್ಟಬೇಕು ಅಂತ ಒಂದನೇ ತರಗತಿಯಲ್ಲೇ ಕಲಿತಿರುತ್ತಾರೆ.

ಆ ಶಾಲೆಯಲ್ಲಿ ಪುಸ್ತಕಗಳಿದ್ದವು ಅನ್ನುವುದು ಗೊತ್ತಾದದ್ದು ಕಡೆಯ ವಾರದಲ್ಲಿ. ಆಫೀಸು ಕೋಣೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು, ಅದಕ್ಕೆ ಬೀಗ. ಒಳಗೆ 1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಕಾಲದ ಮುದ್ರೆ ಬಿದ್ದ ಪುಸ್ತಕಗಳು, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ತೆಳು ಪುಸ್ತಕಗಳು, ಕೆಲವು ಹಾಳೆ ಬಿಡಿಸದೆ ಅಂಟಿಕೊಂಡೇ ಇದ್ದವು. ಮಕ್ಕಳಿಗೆ ಕೊಟ್ಟರೆ ಹರಿಯುತ್ತವೆ, ಹರಿದರೆ ಸ್ಟಾಕ್ ರಿಜಿಸ್ಟರಿನಲ್ಲಿ ಉತ್ತರ ಹೇಳಬೇಕು. ಹೆಡ್ ಮೇಷ್ಟ್ರ ಹೆದರಿಕೆಯೂ ಸುಳ್ಳಲ್ಲ. ಪುಸ್ತಕ ಹರಿದುಹೋಗಲು ಅವಕಾಶವಿರುವ ನಿಯಮವನ್ನು ಬರೆಯಬೇಕಾದವರು ಅವರಿಗಿಂತ ಮೇಲಿದ್ದರು. ಕಡೆಯ ವಾರ ನಾವು ಕಾಡಿ ಬೇಡಿ ಬೀಗ ತೆಗೆಸಿದೆವು. ಮೂರು, ನಾಲ್ಕನೇ ತರಗತಿಯವರು ಚಿತ್ರದ ಪುಸ್ತಕಗಳ ಮೇಲೆ ಮುಗಿಬಿದ್ದರು. ಏಳನೇ ತರಗತಿಯವರು ಬಂದು, ಒಂದೆರಡು ಪುಸ್ತಕ ಮಗುಚಿ, ವಾಪಸು ಇಟ್ಟು ಹೋದರು. “ಇವೆಲ್ಲ ಸಣ್ಣೋರವು” ಅಂದ ಒಬ್ಬ. ಅವನ ಮೇಲ್ದುಟಿಯ ಮೇಲೆ ಆಗಷ್ಟೇ ಮೀಸೆ ಚಿಗುರಿತ್ತು.

ನಿಜವಾದ ಬರ ಅಲ್ಲಿದೆ. ಕನ್ನಡದಲ್ಲಿ ಹತ್ತರೊಳಗಿನ ಮಕ್ಕಳಿಗೆ ಬೇಕಾದಷ್ಟಿದೆ. ಇಪ್ಪತ್ತು ದಾಟಿದವರಿಗೆ ಇದ್ದೇ ಇದೆ. ನಡುವಿನ ಹನ್ನೆರಡರಿಂದ ಹದಿನಾರು ತಾನೇ ದಾರಿ ಹುಡುಕಿಕೊಳ್ಳಬೇಕು. ಅವರೇನು ಓದದೆ ಕೂರುವುದಿಲ್ಲ. ನಮ್ಮ ಹಾಸ್ಟೆಲಿನ ಹುಡುಗಿಯರನ್ನೇ ವಿಚಾರಿಸಿದಾಗ ಹೊರಬಂದ ಪಟ್ಟಿ ಹೀಗಿತ್ತು: ಬಾಲಮಂಗಳದ ಡಿಂಗನಿಂದ ನೇರ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ಕ್ಕೆ, ಅಣ್ಣನ ಟ್ರಂಕಿನಲ್ಲಿದ್ದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಗೆ. ಅಮ್ಮನ ವಾರಪತ್ರಿಕೆಯ ಧಾರಾವಾಹಿಗಳಿಗೆ. ನಾಲ್ಕನೇ ತರಗತಿಯ ತನಕ ಓದಿದ್ದ ನರಸಿಂಹಯ್ಯ ನೂರಾರು ಕಾದಂಬರಿ ಬರೆದು ಎಷ್ಟೋ ಜನಕ್ಕೆ ಓದಿನ ಚಟ ಹಿಡಿಸಿದರು. ಕನ್ನಡದ ಹದಿಹರೆಯದ ಸಾಹಿತ್ಯದ ಚರಿತ್ರೆ ಬರೆಯುವವರು ಅವರಿಂದ ಶುರು ಮಾಡಿದರೆ ನಾನಂತೂ ಆಕ್ಷೇಪಿಸುವುದಿಲ್ಲ.

ಹುಡುಗಿಯರಿಗೆ ಇನ್ನೊಂದು ಪುಸ್ತಕವಿತ್ತು, ಅದೂ ಅನುಪಮಾ ನಿರಂಜನರದೇ: ‘ಕೇಳು ಕಿಶೋರಿ’. ದೊಡ್ಡವಳಾಗುವ ಹುಡುಗಿಗೆ ಮೈಯ ಬಗ್ಗೆ, ಮುಟ್ಟಿನ ಬಗ್ಗೆ, ಮನಸ್ಸಿನ ಬಗ್ಗೆ ಡಾಕ್ಟರೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿದ ಪುಸ್ತಕ. ನಮ್ಮ ಹಾಸ್ಟೆಲಿನಲ್ಲಿ ಅದಕ್ಕೆ ನ್ಯೂಸ್‌ಪೇಪರಿನ ರಟ್ಟು ಹಾಕಿ, ಮೇಲೆ ‘ಬಾಲವಿಕಾಸ ಮತ್ತು ಕಲಿಕೆ’ ಅಂತ ಬರೆದಿದ್ದರು. ನಾಳೆ ಹದಿಮೂರು ವರ್ಷದ ಹುಡುಗಿಯರಿಗೆ ಪಾಠ ಹೇಳಬೇಕಾದ ನಾವು ಹದಿಮೂರರಲ್ಲಿ ಓದಬೇಕಿದ್ದನ್ನು ಕದ್ದು ಓದುತ್ತಿದ್ದೆವು. ಅದರಲ್ಲಿ ಕತೆಯಿಲ್ಲ. ಆದರೂ ಆ ವರ್ಷ ನಮ್ಮ ಕೋಣೆಯಲ್ಲಿ ಕೈಯಿಂದ ಕೈಗೆ ಹೋಗಿ ಹೋಗಿ ಹೊಲಿಗೆ ಬಿಟ್ಟ ಪುಸ್ತಕ ಅದೊಂದೇ.

ಈಗ ನಾನು ತೀರ್ಥಹಳ್ಳಿ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಡಿ.ಎಡ್‌ಗೆ ಡಿ.ಎಲ್.ಎಡ್ ಅಂತ ಮತ್ತೆ ಹೆಸರು ಬದಲಾಗಿದೆ. ಕೆಳಗಿನ ತರಗತಿಗಳಿಗೆ ನಲಿ-ಕಲಿ ಬಂದು ಎಷ್ಟೋ ವರ್ಷವಾಯಿತು. ಪುಸ್ತಕಗಳೂ ಬಂದಿವೆ. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ನಮ್ಮ ಬೀರುವಿನಲ್ಲಿವೆ; ಮೂರಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂದಿದೆ. ಬೀಗ ಮಾತ್ರ ಇಲ್ಲ. ಕೀಲಿ ಕಳೆದುಹೋಗಿದೆ ಅಂತ ಆಫೀಸಿನಲ್ಲಿ ಹೇಳಿದ್ದೇವೆ.

ಈ ವರ್ಷ ತರಬೇತಿಗೆಂದು ನಮ್ಮ ಶಾಲೆಗೆ ಬಂದ ಹುಡುಗನ ಹತ್ತಿರ ಏಳನೇ ತರಗತಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಸ್ವಲ್ಪ ಸ್ವಲ್ಪ ಓದಿ ಹೇಳು ಅಂದೆ. “ಅದು ದೊಡ್ಡವರ ಕಾದಂಬರಿ ಅಲ್ವಾ ಮೇಡಂ?” ಅಂತ ಅವನಿಗೆ ಅನುಮಾನ. ಅದು ಬಂದದ್ದು 1980ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಹದಿನಾಲ್ಕರ ವಯಸ್ಸಿನಲ್ಲಿ ಓದಿದವರು ಎಷ್ಟು ಜನವೋ. ತೇಜಸ್ವಿ ಮಕ್ಕಳಿಗೆ ಅಂತ ದನಿ ಬದಲಿಸಿ ಬರೆಯಲಿಲ್ಲ. ಕೆನೆತ್ ಆಂಡರ್ಸನ್ನನನ್ನು ಹಿಡಿದು ತಂದ ‘ಕಾಡಿನ ಕತೆಗಳು’ ಆಗಲಿ, ‘ಪರಿಸರದ ಕತೆ’ ಆಗಲಿ, ಓದುವವನ ವಯಸ್ಸು ಕೇಳುವುದಿಲ್ಲ. ಹದಿಮೂರರ ಹುಡುಗನಿಗೆ ಬೇಕಾದದ್ದೂ ಅದೇ. ತನ್ನ ಹತ್ತಿರ ಬಗ್ಗಿ ಮಾತಾಡುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ.

ಓದು ಶುರುವಾಯಿತು. ತರಗತಿಯ ಗಂಡುಹುಡುಗರು ಬಿರಿಯಾನಿ ಕರಿಯಪ್ಪನಿಗೆ ನಕ್ಕರು, ಕಿವಿ ಅನ್ನುವ ನಾಯಿಗೆ ಸೋತರು. ಆದರೆ ಅವರು ಹಿಡಿದುಕೊಂಡದ್ದು ಮಂದಣ್ಣನನ್ನು. ಊರವರೆಲ್ಲ ಕೆಲಸಕ್ಕೆ ಬಾರದವನು ಅಂತ ತಳ್ಳಿದ, ಜೇನು ಹುಡುಕುತ್ತ ಕಾಡು ತಿರುಗುವ ಮಂದಣ್ಣ. ಆ ದೊಡ್ಡ ವಿಜ್ಞಾನಿ ಕರ್ವಾಲೊ ಹಾರುವ ಓತಿಯನ್ನು ಹುಡುಕಲು ನಂಬಿಕೊಂಡದ್ದು ಅವನ ಕಣ್ಣನ್ನು. ಪ್ರತಿ ಕಿರುಪರೀಕ್ಷೆಯಲ್ಲೂ ಫೇಲಾಗುವ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದಾನೆ. ಅವನು ತರಬೇತಿಯ ಮೇಷ್ಟ್ರನ್ನು ಕೇಳಿದ ಒಂದೇ ಪ್ರಶ್ನೆ, “ಮಂದಣ್ಣ ಎಷ್ಟನೇ ಕ್ಲಾಸ್ ಓದಿದಾನೆ ಸಾರ್?”

ಓತಿ ಕಡೆಗೂ ಕೈಗೆ ಸಿಗದೆ ಹಾರಿ ಹೋದಾಗ ತರಗತಿಯಲ್ಲಿ ಜಗಳ ಬಿತ್ತು. ಹಿಡಿಯಬೇಕಿತ್ತು ಅಂತ ಅರ್ಧ, ಹಿಡಿದಿದ್ದರೆ ಬಾಟಲಿಯಲ್ಲಿ ಹಾಕಿ ಇಡುತ್ತಿದ್ದರು ಅಂತ ಅರ್ಧ. ಅಂಥದ್ದೊಂದು ಪ್ರಾಣಿ ಇರುವುದೇ ಸುಳ್ಳು ಅಂದಳು ಒಬ್ಬಳು. ಫೇಲಾಗುವ ಹುಡುಗ ಎದ್ದು ನಿಂತ. ಅವನ ಮಾವನ ಅಡಿಕೆ ತೋಟದಲ್ಲಿ ಅದು ಇದೆಯಂತೆ, ಮರಕ್ಕೆ ಅಂಟಿದರೆ ತೊಗಟೆಯ ಹಾಗೇ ಕಾಣುತ್ತದಂತೆ, ಇರುವೆ ತಿನ್ನುತ್ತದಂತೆ, ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದಂತೆ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಪಶ್ಚಿಮ ಘಟ್ಟದ ಡ್ರ್ಯಾಕೋ ಓತಿ ಹಾಗೇ ಇರುವುದು, ಅಡಿಕೆ ತೋಟಗಳಲ್ಲಿ ಕಾಣುವುದೂ ಹೌದು. ಯಾವ ಪಾಠದಲ್ಲೂ ಬಾಯಿ ಬಿಡದವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೋಗಿ ನೋಡೋಣ ಅಂತ ಎಲ್ಲರೂ ಹಠ ಹಿಡಿದರು. ಹೊರಸಂಚಾರದ ಅರ್ಜಿಯಲ್ಲಿ ‘ಉದ್ದೇಶ’ ಅಂತ ಇದ್ದ ಕಡೆ ತರಬೇತಿಯ ಹುಡುಗ ‘ಪರಿಸರ ಪ್ರಜ್ಞೆ ಮೂಡಿಸುವುದು’ ಅಂತ ಬರೆದು ತಂದ. ಅದನ್ನು ಹೊಡೆದು ಹಾಕಿಸಿ ‘ಹಾರುವ ಓತಿ ನೋಡಲು’ ಅಂತ ಬರೆಸಿದೆ. ಹೆಡ್ ಮೇಷ್ಟ್ರು ಒಮ್ಮೆ ನನ್ನ ಮುಖ ನೋಡಿ, ಸಹಿ ಹಾಕಿದರು. ಹುಡುಗನ ಮಾವ ಮಾತ್ರ ಒಪ್ಪಲಿಲ್ಲ. ಕೊಯ್ಲಿನ ಹೊತ್ತಿನಲ್ಲಿ ಅಷ್ಟು ಮಕ್ಕಳು ತೋಟಕ್ಕೆ ನುಗ್ಗಿದರೆ ಕೊನೆ ಇಳಿಸುವವರ ಕಾಲಿಗೆ ಸಿಗುತ್ತಾರೆ, ಜನವರಿ ಕಳೆಯಲಿ ಅಂತ ಹೇಳಿ ಕಳಿಸಿದರು. ಅಷ್ಟು ಹೊತ್ತಿಗೆ ಆ ತರಬೇತಿಯ ಹುಡುಗನ ಅವಧಿ ಮುಗಿದಿರುತ್ತದೆ. ಅವನು ರಜೆ ಹಾಕಿಯಾದರೂ ಬರುತ್ತೇನೆ ಅಂದಿದ್ದಾನೆ.